ನಾನು ಬರೆದದ್ದು ಒಂದು, ಫೋನ್ ತೋರಿಸಿದ್ದು ಇನ್ನೊಂದು: ತಾನಾಗಿಯೇ ಆಗುವ ಅನುವಾದ ನಮಗೆ ಬೇಕಾ?

ಕಾವೇರಿ ದಡ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿ ನಿಮ್ಮನ್ನೆಲ್ಲ ಒಂದು ಮಾತು ಕೇಳಬೇಕು ಅನ್ನಿಸಿತು.

ನಮ್ಮ ದೊಡ್ಡಪ್ಪ ತೀರಿಕೊಂಡರು. ಮೂರನೇ ದಿನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. ನಂಟರಿಗೆಲ್ಲ ತಿಳಿಯಲಿ ಅಂತ ಅಲ್ಲಿಂದಲೇ ಒಂದು ಫೋಟೋ ಹಾಕಿ, ಕೆಳಗೆ ಒಂದು ಸಾಲು ಬರೆದೆ: "ಅಪ್ಪ ಮೊನ್ನೆ ತೀರಿಕೊಂಡ ದೊಡ್ಡಪ್ಪನ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟರು." ಫೋನನ್ನು ಬ್ಯಾಗಿಗೆ ಹಾಕಿ ನೀರಿಗೆ ಇಳಿದೆವು.

ನನ್ನ ತಂಗಿ ಡಲ್ಲಾಸ್‌ನಲ್ಲಿದ್ದಾಳೆ. ಅಲ್ಲಿ ಆಗ ರಾತ್ರಿ ಒಂದೂವರೆ. ಅವಳಿಗೆ ನನ್ನ ಕನ್ನಡದ ಸಾಲು ಕಾಣಿಸಲೇ ಇಲ್ಲ. ಆ ಆ್ಯಪ್ ತಾನಾಗಿಯೇ ಅದನ್ನು ಇಂಗ್ಲಿಷಿಗೆ ತಿರುಗಿಸಿ, 'ಅಪ್ಪ ಮೊನ್ನೆ ತೀರಿಕೊಂಡರು' ಎಂಬ ಅರ್ಥ ಬರುವಂತೆ ತೋರಿಸಿತ್ತು. ಮೇಲೆ ನನ್ನ ಹೆಸರು, ನನ್ನ ಮುಖ. ಕೆಳಗೆ ಎಲ್ಲೋ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಇದು ಅನುವಾದ ಅಂತ ಇತ್ತಂತೆ. ಆ ಹೊತ್ತಿನಲ್ಲಿ ಅದನ್ನು ಯಾರು ನೋಡುತ್ತಾರೆ? ದೊಡ್ಡಪ್ಪನ ಸುದ್ದಿ ಅವಳಿಗೆ ಗೊತ್ತಿತ್ತು. ಆದರೆ ದೂರದಲ್ಲಿರುವ ಮಕ್ಕಳಿಗೆ ಕೆಟ್ಟ ಸುದ್ದಿಯನ್ನು ಮೊದಲು ಅರ್ಧ ಹೇಳುತ್ತಾರೆ, ಆಮೇಲೆ ಪೂರ್ತಿ ಹೇಳುತ್ತಾರೆ ಅಲ್ವಾ? ಅಪ್ಪನೂ ಹೋಗಿದ್ದಾರೆ, ನನ್ನಿಂದ ಮುಚ್ಚಿಟ್ಟಿದ್ದಾರೆ ಅಂದುಕೊಂಡಳು.

ನಾವು ದಡಕ್ಕೆ ಬರುವಷ್ಟರಲ್ಲಿ 23 ಮಿಸ್ಡ್ ಕಾಲ್. ಮತ್ತೆ ರಿಂಗ್ ಆದಾಗ ಎತ್ತಿದ್ದು ಅಪ್ಪನೇ. ಒದ್ದೆ ಪಂಚೆಯಲ್ಲಿ ನಿಂತು "ಯಾಕಮ್ಮ, ಇಷ್ಟೊತ್ತಲ್ಲಿ?" ಅಂದರು. ಆ ಕಡೆಯಿಂದ ಮಾತಿಲ್ಲ, ಬರೀ ಅಳು. ಅಪ್ಪನಿಗೆ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು.

ನನ್ನ ಪ್ರಶ್ನೆ ಇಷ್ಟೇ. ನನ್ನ ಹೆಸರಿನಲ್ಲಿ, ನನ್ನನ್ನು ಕೇಳದೆ, ನಾನು ಹೇಳದ ಮಾತನ್ನು ತೋರಿಸುವುದು ಸರಿಯಾ? ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತಿದ್ದೀರಿ?

ಮಂಡ್ಯದ ಬೆಲ್ಲ

ದೊಡ್ಡಪ್ಪನವರ ಆತ್ಮಕ್ಕೆ ಶಾಂತಿ ಸಿಗಲಿ ಅಕ್ಕ. ಸೆಟ್ಟಿಂಗ್ಸ್‌ಗೆ ಹೋಗಿ ಅನುವಾದ ಆಫ್ ಮಾಡಿಬಿಡಿ, ಮುಗಿಯಿತು.

ಶರಾವತಿ ಕಣಿವೆ

@ಮಂಡ್ಯದ ಬೆಲ್ಲ ಮುಗಿಯುವುದಿಲ್ಲ. ಅವರು ಆಫ್ ಮಾಡಿದರೆ ಅವರ ಫೋನಿನಲ್ಲಿ ಬೇರೆಯವರ ಪೋಸ್ಟ್ ಅನುವಾದವಾಗುವುದಿಲ್ಲ, ಅಷ್ಟೇ. ಅವರು ಬರೆದದ್ದನ್ನು ಓದುವವರ ಫೋನಿನಲ್ಲಿ ಆಫ್ ಆಗಬೇಕು. ಬರೆದವರ ಕೈಯಲ್ಲಿ ಏನೂ ಇಲ್ಲ. ಸಮಸ್ಯೆ ಇರುವುದೇ ಇಲ್ಲಿ.

ಪತ್ರಿಕೆ ಓದುಗ

ಇದನ್ನು ಓದಿದ ಕೂಡಲೇ 2025ರ ಜುಲೈ ನೆನಪಾಯಿತು. ನಟಿ ಬಿ. ಸರೋಜಾದೇವಿ ಅವರು ಜುಲೈ 14ರಂದು ತೀರಿಕೊಂಡರು. ಅವರ ಅಂತಿಮ ದರ್ಶನ ಪಡೆದ ಬಗ್ಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಕಡೆಯಿಂದ ಕನ್ನಡದಲ್ಲಿ ಪೋಸ್ಟ್ ಹಾಕಿದ್ದರು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಅನುವಾದ ಅದನ್ನು ಇಂಗ್ಲಿಷಿನಲ್ಲಿ ಮುಖ್ಯಮಂತ್ರಿಯೇ ನಿಧನರಾದರು ಅನ್ನುವಂತೆ ತೋರಿಸಿತು. ಸರಿಯಾಗುವ ತನಕ ಕನ್ನಡದ ಅನುವಾದವನ್ನು ನಿಲ್ಲಿಸಿ ಅಂತ ಮುಖ್ಯಮಂತ್ರಿಗಳ ಕಚೇರಿಯಿಂದ ಕಂಪನಿಗೆ ಪತ್ರ ಹೋಯಿತು. ಕಂಪನಿ ಕ್ಷಮೆ ಕೇಳಿ, ಸರಿ ಮಾಡಿದ್ದೇವೆ ಅಂತ ಹೇಳಿತು.

ಮುಖ್ಯಮಂತ್ರಿ ಪತ್ರ ಬರೆದರೆ ಉತ್ತರ ಬರುತ್ತದೆ. ನಿಮ್ಮ ತಂಗಿ ಬರೆದರೆ?

ಜೋಳದ ರೊಟ್ಟಿ

ಇವರ ಚಾಳಿಯೇ ಇದು. 2020ರಲ್ಲಿ ಗೂಗಲ್ ಅನುವಾದದಲ್ಲೂ ಕನ್ನಡವನ್ನು ಕೊಳಕು ಭಾಷೆ ಅಂತ ತೋರಿಸಿದ್ದರು. ಮರೆತುಬಿಟ್ಟಿರಾ?

ಪತ್ರಿಕೆ ಓದುಗ

@ಜೋಳದ ರೊಟ್ಟಿ ಒಂದು ತಿದ್ದುಪಡಿ. ಅದು 2021ರ ಜೂನ್. ಅನುವಾದವಲ್ಲ, ಹುಡುಕಾಟ. ಭಾರತದ ಅತಿ ಕೊಳಕು ಭಾಷೆ ಯಾವುದು ಅಂತ ಹುಡುಕಿದರೆ ಯಾವುದೋ ಪುಟದಲ್ಲಿದ್ದ ಸಾಲನ್ನು ಎತ್ತಿ ಕನ್ನಡ ಅಂತ ಮೇಲೆ ತೋರಿಸುತ್ತಿತ್ತು. ಗಲಾಟೆಯಾದ ಮೇಲೆ ತೆಗೆದು ಕ್ಷಮೆ ಕೇಳಿದರು. ಸಿಟ್ಟು ಬರುವುದು ಸರಿ, ಆದರೆ ಯಾವುದು ಯಾವುದು ಅಂತ ಬಿಡಿಸಿ ಹೇಳೋಣ.

ನಿವೃತ್ತ ಕನ್ನಡ ಮೇಷ್ಟ್ರು

ಕಾವೇರಿ ದಡ ಅವರಿಗೆ ನನ್ನ ಸಂತಾಪ. ನೋವಿನ ಹೊತ್ತಿನಲ್ಲಿ ವ್ಯಾಕರಣ ಹೇಳುತ್ತಿದ್ದೇನೆ ಅಂತ ಬೇಸರ ಮಾಡಿಕೊಳ್ಳಬೇಡಮ್ಮ. ತಪ್ಪು ಎಲ್ಲಾಯಿತು ಅಂತ ತಿಳಿದರೆ ಒಳ್ಳೆಯದು.

'ತೀರಿಕೊಂಡ' ಅನ್ನುವ ಪದಕ್ಕೆ ನಮ್ಮಲ್ಲಿ ಎರಡು ಕೆಲಸ. 'ಅವನು ತೀರಿಕೊಂಡ' ಅಂದರೆ ವಾಕ್ಯ ಮುಗಿಯಿತು. 'ತೀರಿಕೊಂಡ ದೊಡ್ಡಪ್ಪ' ಅಂದರೆ ಅದು ಮುಂದಿನ ಹೆಸರಿಗೆ ಅಂಟಿಕೊಂಡ ವಿಶೇಷಣ. ಕನ್ನಡದಲ್ಲಿ ಇಂಥ ವಿಶೇಷಣ ಹೆಸರಿಗಿಂತ ಮೊದಲು ಬರುತ್ತದೆ. ಇಂಗ್ಲಿಷಿನಲ್ಲಿ ಹೆಸರಾದ ಮೇಲೆ ಬರುತ್ತದೆ. ಯಂತ್ರ 'ಅಪ್ಪ ಮೊನ್ನೆ ತೀರಿಕೊಂಡ' ಎಂಬಲ್ಲಿಗೇ ವಾಕ್ಯ ಕತ್ತರಿಸಿದೆ.

ಆದರೆ ಕನ್ನಡ ಬಲ್ಲವರು ಹಾಗೆ ಕತ್ತರಿಸುವುದಿಲ್ಲ. ಅಪ್ಪನ ಸಾವನ್ನು ಹೇಳುವಾಗ ಯಾರೂ 'ತೀರಿಕೊಂಡ' ಅನ್ನುವುದಿಲ್ಲ, 'ತೀರಿಕೊಂಡರು' ಅನ್ನುತ್ತಾರೆ. ಆ 'ರು' ಇಲ್ಲ ಅಂದಮೇಲೆ ವಾಕ್ಯ ಮುಗಿದಿಲ್ಲ ಅಂತ ನಮಗೆ ಗೊತ್ತಾಗುತ್ತದೆ. ಮುಖ್ಯಮಂತ್ರಿಗಳ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. 'ನಿಧನರಾದರು' ಅಂದರೆ ವಾಕ್ಯ ಮುಗಿಯುತ್ತದೆ, 'ನಿಧನರಾದ' ಅಂದರೆ ಮುಂದೆ ಒಂದು ಹೆಸರು ಬರಲೇಬೇಕು.

ಇನ್ನು ಮುಂದೆ ಹೀಗೆ ಬರೆಯಬಹುದು: "ಮೊನ್ನೆ ತೀರಿಕೊಂಡ ದೊಡ್ಡಪ್ಪನ ಅಸ್ಥಿಯನ್ನು ಅಪ್ಪ ಪಶ್ಚಿಮವಾಹಿನಿಯಲ್ಲಿ ಬಿಟ್ಟರು." ಅಪ್ಪನನ್ನು ಕ್ರಿಯೆಯ ಹತ್ತಿರಕ್ಕೆ ತಂದರೆ ಗೊಂದಲವಿಲ್ಲ.

ಹೊಳೆಸಾಲು

ಮೇಷ್ಟ್ರೇ, ನೀವು ಹೇಳಿದ ವ್ಯಾಕರಣ ಒಪ್ಪಿದೆ. ಕೊನೆಯ ಮಾತು ಒಪ್ಪುವುದಿಲ್ಲ. ಯಂತ್ರಕ್ಕೆ ಅರ್ಥವಾಗಲಿಲ್ಲ ಅಂತ ನಾವು ಯಾಕೆ ವಾಕ್ಯ ಬದಲಿಸಬೇಕು? ಸಾವಿನ ಮನೆಯಲ್ಲಿ ಕೂತು, ಈ ಸಾಲನ್ನು ಯಂತ್ರ ಹೇಗೆ ಓದೀತು ಅಂತ ಯೋಚಿಸಬೇಕಾ? ಅಕ್ಕ ಬರೆದದ್ದು ಸರಿಯಾದ ಕನ್ನಡ.

ಒಂದು ಮಾತು ಬೇರೆ. ನಮ್ಮ ಹವ್ಯಕರ ಮನೆಗಳಲ್ಲಿ ಅಪ್ಪನಿಗೆ ಏಕವಚನವೇ. 'ಅಪ್ಪ ಬಂದ', 'ಅಪ್ಪ ಹೋದ' ಅಂತಲೇ ಹೇಳುತ್ತೇವೆ. ಪ್ರೀತಿ ಕಮ್ಮಿ ಅಂತಲ್ಲ, ರೂಢಿ. ಹಾಗಾಗಿ 'ಯಾರೂ ಅನ್ನುವುದಿಲ್ಲ' ಅನ್ನಬೇಡಿ.

ನಿವೃತ್ತ ಕನ್ನಡ ಮೇಷ್ಟ್ರು

@ಹೊಳೆಸಾಲು ಹವ್ಯಕರ ವಿಷಯ ಸರಿ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲೂ ಅಪ್ಪನಿಗೆ 'ನೀನು' ಅನ್ನುವುದುಂಟು. ಆದರೆ ವಾಕ್ಯ ಬದಲಿಸಿ ಅಂದದ್ದು ಯಂತ್ರಕ್ಕಾಗಿ ಅಲ್ಲ. 38 ವರ್ಷ ಮಕ್ಕಳಿಗೆ ಅದನ್ನೇ ಹೇಳಿದ್ದೇನೆ. ಕರ್ತೃ ಮತ್ತು ಕ್ರಿಯೆ ಹತ್ತಿರ ಇದ್ದರೆ ಮನುಷ್ಯರಿಗೂ ಓದಲು ಸುಲಭ.

ಬಯಲುಸೀಮೆ ಹುಡುಗಿ

ನಮ್ಮ ಮನೆಯಲ್ಲಿ ಅಪ್ಪನಿಗೆ ಏಕವಚನ, ಅಣ್ಣನಿಗೆ ಬಹುವಚನ! ಇದನ್ನು ಯಾವ ಯಂತ್ರ ಕಲಿಯುತ್ತದೆ ಹೇಳಿ.

ಕೋಡ್ ಬರೆಯುವವ

ನಾನು ಇದೇ ಕೆಲಸಕ್ಕೆ ಹತ್ತಿರದ ಕೆಲಸ ಮಾಡುತ್ತೇನೆ, ಹಾಗಾಗಿ ಎರಡು ಮಾತು.

ಯಂತ್ರಕ್ಕೆ ವ್ಯಾಕರಣದ ನಿಯಮಗಳನ್ನು ಯಾರೂ ಕೂತು ಹೇಳಿಕೊಡುವುದಿಲ್ಲ. ಒಂದೇ ಅರ್ಥದ ಕನ್ನಡ ವಾಕ್ಯ, ಇಂಗ್ಲಿಷ್ ವಾಕ್ಯಗಳ ಜೋಡಿಗಳನ್ನು ರಾಶಿ ರಾಶಿ ಕೊಡುತ್ತಾರೆ. ಅದರಿಂದ ಅದು ಅಂದಾಜು ಮಾಡುವುದನ್ನು ಕಲಿಯುತ್ತದೆ. ಇಂಗ್ಲಿಷ್, ಫ್ರೆಂಚ್‌ಗಳಿಗೆ ಅಂಥ ಜೋಡಿಗಳು ಹೇರಳ. ನಮಗೆ ಕಮ್ಮಿ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯಿನುಡಿಯವರು ಸುಮಾರು 4.37 ಕೋಟಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇರುವುದು 30 ಸಾವಿರ ಚಿಲ್ಲರೆ ಲೇಖನ. ಜನರ ಲೆಕ್ಕಕ್ಕೂ ಬರಹದ ಲೆಕ್ಕಕ್ಕೂ ತಾಳೆಯೇ ಇಲ್ಲ.

ಇನ್ನೊಂದು ಕಷ್ಟ ನಮ್ಮ ಪದಗಳದು. 'ಬರಲಾಗದಿದ್ದುದರಿಂದ' ನಮಗೆ ಒಂದೇ ಪದ. ಇಂಗ್ಲಿಷಿಗೆ ಅದು ಐದಾರು ಪದಗಳ ಮಾತು. ಯಂತ್ರ ಅದನ್ನು ತುಂಡು ತುಂಡು ಮಾಡಿಕೊಂಡು ಓದುತ್ತದೆ. ತುಂಡು ಮಾಡುವ ಜಾಗ ಎಷ್ಟೋ ಸಲ ನಮ್ಮ ವ್ಯಾಕರಣ ಒಪ್ಪುವ ಜಾಗವಲ್ಲ.

ಗೂಗಲ್ ಅನುವಾದಕ್ಕೆ ಕನ್ನಡ ಬಂದದ್ದು 2011ರಲ್ಲಿ. ಆಗಿನದನ್ನು ನೋಡಿದವರಿಗೆ ಈಗ ಎಷ್ಟು ಸುಧಾರಿಸಿದೆ ಅಂತ ಗೊತ್ತು. ಆದರೆ ಇಲ್ಲೊಂದು ಅಪಾಯ ಇದೆ. ಆಗ ಅನುವಾದ ಕೆಟ್ಟದಾಗಿರುತ್ತಿತ್ತು, ನೋಡಿದ ಕೂಡಲೇ ತಪ್ಪು ಅಂತ ಗೊತ್ತಾಗುತ್ತಿತ್ತು. ಈಗ ಇಂಗ್ಲಿಷ್ ಚೆನ್ನಾಗಿಯೇ ಇರುತ್ತದೆ, ಅರ್ಥ ಮಾತ್ರ ತಪ್ಪಿರುತ್ತದೆ. ಅದಕ್ಕೇ ಜನ ನಂಬಿಬಿಡುತ್ತಾರೆ.

ಅಚ್ಚಿನ ಮನೆ

ನಮ್ಮದು ದಾವಣಗೆರೆಯಲ್ಲಿ ಡಿಟಿಪಿ ಅಂಗಡಿ. 1998ರಿಂದ ಇದೆ. ಬರಹ ಕಮ್ಮಿ ಅಂತ ಹೇಳಿದಿರಲ್ಲ, ಬರಹ ಕಮ್ಮಿ ಇಲ್ಲ ಸರ್. ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಕೂತಿದೆ.

ನನ್ನ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಪುಸ್ತಕ, ಸ್ಮರಣ ಸಂಚಿಕೆ, ಮದುವೆ ಪತ್ರಿಕೆ, ಸಂಘದ ವರದಿ ಎಲ್ಲ ಇವೆ. ಎಲ್ಲವೂ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯಂತ್ರಕ್ಕೂ ಕಾಣುವುದು ಅದೇ. ಅದು ಕನ್ನಡ ಅಂತಲೇ ಅದಕ್ಕೆ ಗೊತ್ತಿಲ್ಲ. ಬದಲಾಯಿಸುವ ಉಚಿತ ತಂತ್ರಾಂಶಗಳಿವೆ. ನಾನೇ ಒಂದು ಕಾದಂಬರಿಯನ್ನು ಬದಲಾಯಿಸಿದೆ. ಅರ್ಕಾವತ್ತು ಇದ್ದ ಕಡೆಯೆಲ್ಲ ನೋಡಿ ನೋಡಿ ತಿದ್ದಬೇಕಾಯಿತು. 'ಸೂರ್ಯ' ಬರೆದಿದ್ದ ಜಾಗದಲ್ಲಿ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. 212 ಪುಟಕ್ಕೆ ಒಂಬತ್ತು ರಾತ್ರಿ ಹಿಡಿಯಿತು.

ಈಗಲೂ ಎಷ್ಟೋ ಗಿರಾಕಿಗಳು "ಹಳೇದೇ ಇರಲಿ, ಅಕ್ಷರ ಚೆಂದ ಕಾಣುತ್ತದೆ" ಅನ್ನುತ್ತಾರೆ. ಹೇಳಿ ಹೇಳಿ ಸಾಕಾಗಿದೆ.

ಕೋಡ್ ಬರೆಯುವವ

@ಅಚ್ಚಿನ ಮನೆ ಅಣ್ಣ, ಒಂಬತ್ತು ರಾತ್ರಿಯ ಆ ಕೆಲಸಕ್ಕೆ ಕೈ ಮುಗಿಯುತ್ತೇನೆ. ಲೇಖಕರು ಒಪ್ಪಿದರೆ ಉಳಿದ ಪುಸ್ತಕಗಳಿಗೆ ನಾನೂ ಕೂತು ತಿದ್ದುತ್ತೇನೆ. ಮೆಸೇಜ್ ಮಾಡಿ.

ಗಾಂಧಿ ಬಜಾರ್

ನಾನು ಸ್ವಲ್ಪ ಎದುರು ಮಾತಾಡುತ್ತೇನೆ. ಎಲ್ಲರೂ ಅನುವಾದವನ್ನು ಬೈಯುತ್ತಿದ್ದೀರಿ. ನಮ್ಮ ಅಮ್ಮ ಓದಿದ್ದು ಏಳನೇ ಕ್ಲಾಸ್, ಕನ್ನಡ ಬಿಟ್ಟು ಬೇರೆ ಬಾರದು. ಅಪ್ಪ ಹೋದಮೇಲೆ ವಿಮೆಯವರಿಂದ, ಬ್ಯಾಂಕಿನಿಂದ ಬರುವ ಪತ್ರವೆಲ್ಲ ಇಂಗ್ಲಿಷ್. ಮೊದಲು ಪ್ರತಿಯೊಂದಕ್ಕೂ ಪಕ್ಕದ ಮನೆಯ ಹುಡುಗನನ್ನು ಕಾಯಬೇಕಿತ್ತು. ಅವನ ಮುಂದೆ ನಮ್ಮ ಮನೆಯ ದುಡ್ಡಿನ ವಿಷಯವೆಲ್ಲ ಬಿಚ್ಚಿಡಬೇಕಿತ್ತು. ಈಗ ಫೋನಿನ ಕ್ಯಾಮೆರಾ ಹಿಡಿದು ಕನ್ನಡದಲ್ಲಿ ಓದಿಕೊಳ್ಳುತ್ತಾರೆ. ಹೋದ ತಿಂಗಳು ಒಂದು ಪತ್ರಕ್ಕೆ ಕೊನೆಯ ದಿನ ಯಾವುದು ಅಂತ ತಾವೇ ಕಂಡುಹಿಡಿದು ನನಗೆ ಫೋನ್ ಮಾಡಿದರು. ಆ ದನಿಯಲ್ಲಿದ್ದ ಖುಷಿಯನ್ನು ನಾನು ಮರೆಯುವುದಿಲ್ಲ.

ನಿಲ್ಲಿಸಿ ಅಂತ ಹೇಳುವ ಮೊದಲು ಇಂಥವರನ್ನೂ ನೆನೆಸಿಕೊಳ್ಳಿ.

ಶರಾವತಿ ಕಣಿವೆ

@ಗಾಂಧಿ ಬಜಾರ್ ನಿಮ್ಮ ಅಮ್ಮ ತಾವಾಗಿ ಕೇಳಿ ಅನುವಾದ ಮಾಡಿಸಿಕೊಂಡರು. ಪತ್ರದ ಮೂಲ ಅವರ ಕೈಯಲ್ಲೇ ಇದೆ. ಇಲ್ಲಿ ಅಕ್ಕನ ತಂಗಿಗೆ ಕನ್ನಡ ಓದಲು ಬರುತ್ತದೆ, ಆದರೂ ಕೇಳದೇನೇ ಮೂಲವನ್ನು ಮುಚ್ಚಿ ಇಂಗ್ಲಿಷ್ ತೋರಿಸಿದ್ದಾರೆ. ಎರಡೂ ಒಂದೇ ಅಲ್ಲ. ಮೂಲ ಮೇಲೆ ಇರಲಿ, 'ಅನುವಾದ ನೋಡಿ' ಅಂತ ಕೆಳಗೆ ಒಂದು ಗುಂಡಿ ಇರಲಿ. ಬೇಕಾದವರು ಒತ್ತಲಿ. ಇಷ್ಟು ಮಾಡಲು ಏನು ಕಷ್ಟ?

ಗಾಂಧಿ ಬಜಾರ್

ಇದನ್ನು ಪೂರ್ತಿ ಒಪ್ಪುತ್ತೇನೆ.

ಕಿವಿಯಿಂದ ಓದುವವ

ನನಗೆ ಕಣ್ಣು ಕಾಣುವುದಿಲ್ಲ. ಫೋನು ಓದಿ ಹೇಳುತ್ತದೆ, ನಾನು ಕೇಳಿಸಿಕೊಳ್ಳುತ್ತೇನೆ. ನೀವು 'ಬೂದು ಬಣ್ಣದ ಸಣ್ಣ ಅಕ್ಷರ' ಅಂದಿರಲ್ಲ, ನನಗೆ ಅದೂ ಸಿಗುವುದಿಲ್ಲ. ಕನ್ನಡದ ಗೆಳೆಯನ ಪೋಸ್ಟ್ ಇದ್ದಕ್ಕಿದ್ದಂತೆ ಇಂಗ್ಲಿಷ್ ದನಿಯಲ್ಲಿ ಕೇಳುತ್ತದೆ. ಇವನು ಯಾವಾಗಿನಿಂದ ಇಂಗ್ಲಿಷಿನಲ್ಲಿ ಬರೆಯಲು ಶುರು ಮಾಡಿದ ಅಂತ ಅನ್ನಿಸುತ್ತದೆ. ಇದು ಅನುವಾದ ಎಂಬ ಮಾತು ಬರುವುದು ಪೋಸ್ಟ್ ಮುಗಿದ ಮೇಲೆ. ಅಷ್ಟರಲ್ಲಿ ನಾನು ಮುಂದಿನದಕ್ಕೆ ಹೋಗಿರುತ್ತೇನೆ.

ಇಲ್ಲಿರುವ ಎಲ್ಲರಲ್ಲೂ ಒಂದು ಕೋರಿಕೆ. ಸಾವಿನ ಸುದ್ದಿ, ಮದುವೆ ಕರೆಯೋಲೆ, ಶುಭಾಶಯ ಎಲ್ಲವನ್ನೂ ಚಿತ್ರದ ಮೇಲೆ ಬರೆದು ಹಾಕುತ್ತೀರಿ. ನನ್ನ ಫೋನ್ 'ಚಿತ್ರ' ಅಂತ ಹೇಳಿ ಸುಮ್ಮನಾಗುತ್ತದೆ. ದಯವಿಟ್ಟು ಕೆಳಗೆ ಒಂದು ಸಾಲು ಟೈಪ್ ಮಾಡಿ. ನನ್ನ ಸಹಪಾಠಿಯ ತಾಯಿ ಹೋದದ್ದು ನನಗೆ ಎಂಟು ದಿನ ತಡವಾಗಿ ಗೊತ್ತಾಯಿತು. ಚಿತ್ರ ಗ್ರೂಪಿಗೆ ಅದೇ ದಿನ ಬಂದಿತ್ತು.

ಬಯಲುಸೀಮೆ ಹುಡುಗಿ

@ಕಿವಿಯಿಂದ ಓದುವವ ಕ್ಷಮಿಸಿ ಅಣ್ಣ, ನಾನೂ ಹಾಗೇ ಹಾಕುತ್ತಿದ್ದೆ. ಇನ್ನು ಮುಂದೆ ಕೆಳಗೆ ಬರೆಯುತ್ತೇನೆ.

ಜೋಳದ ರೊಟ್ಟಿ

ನಮ್ಮ ಉತ್ತರ ಕರ್ನಾಟಕದ ಮಾತಿನ ಕಥೆ ಕೇಳಿ. ಪುಸ್ತಕದ ಕನ್ನಡವನ್ನೇ ಅರ್ಥ ಮಾಡಿಕೊಳ್ಳದ ಯಂತ್ರ ನಮ್ಮದನ್ನು ಏನು ಮಾಡೀತು? ನಾನು "ಅವ್ವಗ ಫೋನ್ ಹಚ್ಚು", ಅಂದರೆ ಅಮ್ಮನಿಗೆ ಫೋನ್ ಮಾಡು ಅಂತ ತಮ್ಮನಿಗೆ ಬರೆದಿದ್ದೆ. ಅವನ ಹೆಂಡತಿ ಪುಣೆಯವಳು, ಅನುವಾದ ಮಾಡಿ ಓದುತ್ತಾಳೆ. ಅಮ್ಮನಿಗೆ ಫೋನನ್ನು ಸವರು ಅಂತ ಬಂದಿತ್ತು. ನಮ್ಮಲ್ಲಿ ದೀಪ ಹಚ್ಚುತ್ತೇವೆ, ಬಣ್ಣ ಹಚ್ಚುತ್ತೇವೆ, ಫೋನೂ ಹಚ್ಚುತ್ತೇವೆ. ಬೆಂಗಳೂರು, ಮೈಸೂರಿನ ಕನ್ನಡ ಮಾತ್ರ ಕನ್ನಡ ಅಂತ ಯಂತ್ರಕ್ಕೆ ಕಲಿಸಿದರೆ ನಮ್ಮ ಮಕ್ಕಳು ತಮ್ಮ ಮಾತೇ ತಪ್ಪು ಅಂದುಕೊಳ್ಳುತ್ತಾರೆ.

ಕುಡ್ಲದ ಮಗಳು

ಅದಕ್ಕಾಗಿಯೇ ಬೇರೆ ಬೇರೆ ಊರಿನ ಮಾತನ್ನು ಸಂಗ್ರಹಿಸುವ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ 'ವಾಣಿ' ಅಂತ ಮಾಡುತ್ತಿದೆ. ಜಿಲ್ಲೆ ಜಿಲ್ಲೆಯ ಜನರಿಗೆ ಒಂದು ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಅನ್ನುತ್ತಾರೆ. ಬರೆದದ್ದನ್ನು ಓದಿಸಿದರೆ ಎಲ್ಲರೂ ಪುಸ್ತಕದ ಕನ್ನಡ ಮಾತಾಡುತ್ತಾರೆ. ಚಿತ್ರ ತೋರಿಸಿದರೆ ಮನೆಮಾತು ಬರುತ್ತದೆ.

ನಮ್ಮ ತುಳು 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ಸೇರಿತು. ತಪ್ಪುಗಳಿವೆ. ಆದರೂ ಆ ಪಟ್ಟಿಯಲ್ಲಿ ತುಳು ಅಂತ ನೋಡಿದ ದಿನ ನಾನು ಅಜ್ಜಿಗೆ ತೋರಿಸಿ ತೋರಿಸಿ ಕುಣಿದಿದ್ದೆ.

ಮಂಡ್ಯದ ಬೆಲ್ಲ

ದನಿ ಕೊಡಬೇಡಿ ಅಂತ ನನ್ನ ಸಲಹೆ. ದನಿ ಕೊಟ್ಟರೆ ನಕಲು ಮಾಡಿ ದುಡ್ಡು ಹೊಡೆಯುತ್ತಾರೆ. ಡಿಜಿಟಲ್ ಅರೆಸ್ಟ್ ಅಂತ ಆಗುತ್ತಿರುವುದು ಇದೇ ತಾನೇ?

ಕೋಡ್ ಬರೆಯುವವ

@ಮಂಡ್ಯದ ಬೆಲ್ಲ ಎರಡೂ ಬೇರೆ. ಡಿಜಿಟಲ್ ಅರೆಸ್ಟ್‌ನಲ್ಲಿ ಕಳ್ಳರು ಪೊಲೀಸರಂತೆ ವೇಷ ಹಾಕಿ ವಿಡಿಯೋ ಕಾಲ್ ಮಾಡಿ ಹೆದರಿಸುತ್ತಾರೆ. 2024ರ ಅಕ್ಟೋಬರ್‌ನ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರು ವಿಜಯಪುರದ ಒಬ್ಬರಿಗೆ ಬಂದ ಅಂಥ ಕರೆಯನ್ನೇ ಕೇಳಿಸಿ ಎಚ್ಚರಿಸಿದರು. ಅದಕ್ಕೆ ದನಿಯ ನಕಲು ಬೇಕಿಲ್ಲ, ನಮ್ಮ ಹೆದರಿಕೆ ಸಾಕು. ಅಂಥ ಕರೆ ಬಂದರೆ ಕಟ್ ಮಾಡಿ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದನಿಯ ನಕಲು ಮಾಡುವವರೂ ಇದ್ದಾರೆ, ನಿಜ. ಆದರೆ ನಮ್ಮ ರೀಲ್ಸ್‌ಗಳಲ್ಲೇ ಅವರಿಗೆ ಬೇಕಾದಷ್ಟು ದನಿ ಸಿಗುತ್ತದೆ.

ಹೈಸ್ಕೂಲ್ ಟೀಚರ್

ಇನ್ನೊಂದು ಕಡೆಯನ್ನೂ ನೋಡಿ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಿನ ತಪ್ಪು ಒಂದು ದಿನ ಗೊತ್ತಾಗುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತಿರುವುದು ಮೆಲ್ಲಗೆ ನಮ್ಮ ಬರವಣಿಗೆಯನ್ನೇ ಬದಲಿಸುತ್ತಿದೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ 'ನಮ್ಮೂರ ಜಾತ್ರೆ' ಅಂತ ಪ್ರಬಂಧ ಕೊಟ್ಟೆ. ಹದಿನಾಲ್ಕು ಜನರ ಪ್ರಬಂಧದಲ್ಲಿ ಜಾತ್ರೆ 'ಮಹತ್ವದ ಪಾತ್ರ ವಹಿಸುತ್ತದೆ'. ಒಬ್ಬರ ಜಾತ್ರೆಯಲ್ಲೂ ಬೆಂಡು ಬತ್ತಾಸು ಇಲ್ಲ, ತೇರಿಗೆ ಬಾಳೆಹಣ್ಣು ಎಸೆಯುವುದಿಲ್ಲ. ಒಬ್ಬ ಹುಡುಗ ಮಾತ್ರ ತೇರಿನ ಚಕ್ರದ ಕೆಳಗೆ ಮರದ ತುಂಡು ಇಟ್ಟು ತೇರನ್ನು ತಿರುಗಿಸುವವರ ಬಗ್ಗೆ ಬರೆದಿದ್ದ. ಅವನ ಮಾವ ಆ ಕೆಲಸ ಮಾಡುತ್ತಾರಂತೆ. ಕಾಗುಣಿತದ ತಪ್ಪು ಎಂಟು ಇದ್ದವು. ಎಲ್ಲರಿಗಿಂತ ಜಾಸ್ತಿ ಅಂಕ ಅವನಿಗೇ ಕೊಟ್ಟೆ, ಕ್ಲಾಸಿನಲ್ಲಿ ನಿಲ್ಲಿಸಿ ಓದಿಸಿದೆ.

ನಿವೃತ್ತ ಕನ್ನಡ ಮೇಷ್ಟ್ರು

ಒಳ್ಳೆಯ ಕೆಲಸ ಮಾಡಿದೆ ತಾಯಿ.

ಹೊಳೆಸಾಲು

ಆ ಪ್ರಬಂಧವನ್ನು ಹುಡುಗನ ಒಪ್ಪಿಗೆ ತೆಗೆದುಕೊಂಡು ಇಲ್ಲಿ ಹಾಕಿ ಟೀಚರ್. ಓದಬೇಕು.

ಕಾವೇರಿ ದಡ

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ವಂದನೆ. ಮನಸ್ಸು ಸ್ವಲ್ಪ ಹಗುರವಾಯಿತು.

ಮೇಷ್ಟ್ರು ಹೇಳಿದ ಹಾಗೆ ವಾಕ್ಯ ತಿರುಗಿಸಿ ಹಾಕಿ ನೋಡಿದೆ. ಅನುವಾದ ಸರಿಯಾಗಿಯೇ ಬಂತು. ಆದರೂ ಹಳೆಯ ಪೋಸ್ಟನ್ನು ಬದಲಿಸಲಿಲ್ಲ. ಅನುವಾದ ತಪ್ಪಿದೆ ಅಂತ ದೂರು ಕೊಡುವ ಜಾಗ ಹುಡುಕಿ, ಯಾಕೆ ತಪ್ಪು ಅಂತ ಮೇಷ್ಟ್ರ ಮಾತನ್ನೇ ಬರೆದು ಕಳಿಸಿದ್ದೇನೆ. ಉತ್ತರ ಬಂದಿಲ್ಲ. ತಂಗಿ ತನ್ನ ಫೋನಿನಲ್ಲಿ ಕನ್ನಡಕ್ಕೆ ಅನುವಾದ ಬೇಡ ಅಂತ ಸೆಟ್ ಮಾಡಿಕೊಂಡಳು. ಅವಳ ಗಂಡನ ಫೋನಿನಲ್ಲಿ ಮಾತ್ರ ಇದೆ, ಅವರಿಗೆ ಕನ್ನಡ ಓದಲು ಬರುವುದಿಲ್ಲ.

ಅಪ್ಪ ಈಗ ದಿನಾ ರಾತ್ರಿ ಊಟ ಆದಮೇಲೆ ಅವಳಿಗೆ ಒಂದು ವಾಯ್ಸ್ ಮೆಸೇಜ್ ಕಳಿಸುತ್ತಾರೆ. "ಊಟ ಆಯ್ತು, ಮಾತ್ರೆ ತಗೊಂಡೆ, ಮಲಗ್ತೀನಿ." ಅಷ್ಟೇ.

ಮಂಡ್ಯದ ಬೆಲ್ಲ

ವೈಕುಂಠ ಸಮಾರಾಧನೆ ಯಾವತ್ತು ಅಕ್ಕ? ಹತ್ತಿರದಲ್ಲೇ ಇದ್ದೇನೆ, ಬರುತ್ತೇನೆ.

ಕಾವೇರಿ ದಡ

ಬರುವ ಶನಿವಾರ. ಖಂಡಿತ ಬನ್ನಿ. ಪತ್ರಿಕೆಯನ್ನು ಚಿತ್ರವಾಗಿ ಹಾಕುತ್ತೇನೆ, ಕೆಳಗೆ ಪೂರ್ತಿ ಟೈಪೂ ಮಾಡುತ್ತೇನೆ. ತಂಗಿಗೆ ಫೋನ್ ಮಾಡಿ ಓದಿ ಹೇಳಿದೆ.